ಗ್ರಂಥಾಲಯಕ್ಕೆ ಚಾಟ್ ಸೇವೆ: ವಾಟ್ಸ್‌ಆ್ಯಪ್, ಜಾಲತಾಣದ ಚಾಟ್ ಪೆಟ್ಟಿಗೆ, ಬಾಟ್ – ಯಾವುದು ಯಾರಿಗೆ?

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಗ್ರಂಥಪಾಲಕರು ಒಂದೆಡೆ ಸೇರಿದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಓದುಗರು ಮನೆಯಲ್ಲೋ ಹಾಸ್ಟೆಲಿನಲ್ಲೋ ಕುಳಿತು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಚಾಟ್ ಸೌಲಭ್ಯ ಕೊಡಬೇಕೆಂದಿದ್ದೇವೆ. ವಾಟ್ಸ್‌ಆ್ಯಪ್ ನಂಬರ್ ಕೊಟ್ಟರೆ ಸಾಕೇ, ಜಾಲತಾಣದ ಮೂಲೆಯಲ್ಲಿ ತೆರೆದುಕೊಳ್ಳುವ ಚಾಟ್ ಪೆಟ್ಟಿಗೆ ಬೇಕೇ, ಗ್ರಂಥಾಲಯಗಳಿಗೆಂದೇ ತಯಾರಾದ ತಂತ್ರಾಂಶಕ್ಕೆ ಆಡಳಿತ ಮಂಡಳಿಯ ಬಳಿ ಹಣ ಕೇಳಬೇಕೇ, ಅಥವಾ ತಾನಾಗಿಯೇ ಉತ್ತರಿಸುವ ಬಾಟ್ ಒಂದನ್ನು ಇಡಬೇಕೇ? ಈ ಬರಹ ಅಂಥ ಗೊಂದಲದಲ್ಲಿರುವವರಿಗಾಗಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಾಧನವನ್ನು ಆರಿಸುವ ಮುನ್ನ ಉತ್ತರಿಸುವವರು ಯಾರು, ಯಾವ ಹೊತ್ತಿನಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಅದು ಖಚಿತವಾದರೆ ಉಳಿಯುವ ಆಯ್ಕೆಗಳು ಒಂದೋ ಎರಡೋ ಮಾತ್ರ.

ಈ ಸೇವೆ ನಮ್ಮ ಭಾಗಕ್ಕೆ ಏಕೆ ಬೇಕು ಎಂಬುದಕ್ಕೆ ಊರುಗಳ ನಡುವಿನ ದೂರವೇ ಉತ್ತರ. ದಾವಣಗೆರೆ ವಿಶ್ವವಿದ್ಯಾನಿಲಯದ ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ. ಅದರ ಸ್ನಾತಕೋತ್ತರ ಕೇಂದ್ರವಾದ ಜ್ಞಾನಗಂಗೋತ್ರಿ ಚಿತ್ರದುರ್ಗದ ಬಳಿಯ ಗುಡ್ಡದರಂಗವ್ವನಹಳ್ಳಿಯಲ್ಲಿದೆ. ಅಲ್ಲಿನ ವಿದ್ಯಾರ್ಥಿ ಒಂದು ಪ್ರಬಂಧ ಮುಖ್ಯ ಗ್ರಂಥಾಲಯದಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯಲು ಹೆದ್ದಾರಿಯಲ್ಲಿ 50 ಕಿಲೋಮೀಟರಿನಷ್ಟು ಬಂದು, ಇಲ್ಲವೆಂದು ತಿಳಿದು ಹಿಂದಿರುಗುವಂತಾಗಬಾರದು. ಮೊಳಕಾಲ್ಮುರಿನಿಂದ, ಹೊಸದುರ್ಗದಿಂದ, ಜಗಳೂರಿನಿಂದ ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹುಡುಕಿಕೊಂಡು ಬರುವವರ ಪಾಡೂ ಇದೇ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆನ್ನುತ್ತದೆ. ಬಸ್ಸಿನಲ್ಲಿ ಕಳೆಯುವ ಒಂದು ದಿನವನ್ನು ಉಳಿಸುವುದು ಆ ಸೂತ್ರದ ಅತ್ಯಂತ ನೇರವಾದ ಪಾಲನೆ.

ಅಳೆಯುವ ಮಾನದಂಡಗಳು

ಮೊದಲನೆಯದು ಸಿಬ್ಬಂದಿ. ನಮ್ಮ ಅನೇಕ ಪ್ರಥಮ ದರ್ಜೆ ಕಾಲೇಜುಗಳ ಗ್ರಂಥಾಲಯಗಳಲ್ಲಿ ಒಬ್ಬ ಗ್ರಂಥಪಾಲಕರು, ಒಬ್ಬ ಸಹಾಯಕರು, ಒಬ್ಬ ಅಟೆಂಡರ್ ಇದ್ದರೆ ಅದೇ ಹೆಚ್ಚು. ಇಶ್ಯೂ ಕೌಂಟರಿನ ಮುಂದೆ ಹುಡುಗರು ಸಾಲುಗಟ್ಟಿ ನಿಂತಿರುವಾಗ ಚಾಟ್ ನೋಡುವವರು ಯಾರು? ಇಲ್ಲಿ ಎರಡು ಬಗೆಯ ಸೇವೆಯನ್ನು ಬೇರೆಬೇರೆಯಾಗಿಯೇ ನೋಡಬೇಕು. ಒಂದು, ಓದುಗರು ಕಾಯುತ್ತಿರುವಂತೆಯೇ ನಿಮಿಷದೊಳಗೆ ಉತ್ತರಿಸುವ ನೇರ ಚಾಟ್. ಇನ್ನೊಂದು, ಓದುಗರು ಸಂದೇಶ ಬಿಟ್ಟುಹೋಗಿ, ಕೆಲವು ಗಂಟೆಗಳಲ್ಲಿ ಉತ್ತರ ಪಡೆಯುವ ಸಂದೇಶ ಸೇವೆ. ಜಾಲತಾಣದಲ್ಲಿ ಹಸಿರು ಚುಕ್ಕೆ ಹೊಳೆಯುತ್ತಿದ್ದು, ‘ನಾವು ಆನ್‌ಲೈನ್‌ನಲ್ಲಿದ್ದೇವೆ’ ಎಂದು ಬರೆದಿದ್ದು, ಐದು ನಿಮಿಷ ಕಾದರೂ ಉತ್ತರ ಬಾರದಿದ್ದರೆ ಆ ಓದುಗರು ಎರಡನೆಯ ಸಲ ಕೇಳಲಾರರು. ಸಂಜೆಯೊಳಗೆ ಉತ್ತರಿಸುತ್ತೇವೆಂದು ಹೇಳಿ ಸಂಜೆಯೊಳಗೆ ಉತ್ತರಿಸುವ ಗ್ರಂಥಾಲಯದ ಮೇಲೆ ಹುಟ್ಟುವ ನಂಬಿಕೆ ಇದಕ್ಕಿಂತ ಎಷ್ಟೋ ಮೇಲು. ದಿನಕ್ಕೆ ಕನಿಷ್ಠ ಎರಡು ಗಂಟೆ ಒಬ್ಬರನ್ನು ಬೇರೆ ಕೆಲಸವಿಲ್ಲದೆ ಪರದೆಯ ಮುಂದೆ ಕೂರಿಸಲು ಆಗದ ಗ್ರಂಥಾಲಯ ನೇರ ಚಾಟ್‌ನ ಆಸೆಯನ್ನು ಬಿಡುವುದೇ ಒಳ್ಳೆಯದು.

ಎರಡನೆಯದು ಓದುಗರು ಎಲ್ಲಿಂದ ಕೇಳುತ್ತಾರೆ ಎಂಬುದು. ಮೊಬೈಲ್ ಬ್ರೌಸರಿನಲ್ಲಿ ತೆರೆದ ಚಾಟ್ ಪೆಟ್ಟಿಗೆಗೆ ಒಂದು ದೊಡ್ಡ ದೌರ್ಬಲ್ಯವಿದೆ: ಪ್ರಶ್ನೆ ಕಳಿಸಿದ ವಿದ್ಯಾರ್ಥಿ ಬೇರೊಂದು ಆ್ಯಪ್‌ಗೆ ಹೋದ ಕೂಡಲೇ ಫೋನು ಆ ಪುಟವನ್ನು ಹಿನ್ನೆಲೆಗೆ ತಳ್ಳುತ್ತದೆ, ಸಂಪರ್ಕ ಕಡಿಯಬಹುದು, ಉತ್ತರ ಬಂದದ್ದು ಅವರಿಗೆ ತಿಳಿಯದೆಯೇ ಹೋಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಎರಡು ಗಂಟೆ ಬಿಟ್ಟು ಬಂದರೂ ಫೋನು ಸದ್ದು ಮಾಡಿ ತಿಳಿಸುತ್ತದೆ. ಆದರೆ ಎಂಜಿನಿಯರಿಂಗ್ ಕಾಲೇಜಿನ ಡಿಜಿಟಲ್ ಲೈಬ್ರರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಓಪ್ಯಾಕ್‌ನಲ್ಲಿ, ಅಂದರೆ ಗ್ರಂಥಾಲಯದ ಆನ್‌ಲೈನ್ ಪುಸ್ತಕ ಪಟ್ಟಿಯಲ್ಲಿ, ಪುಸ್ತಕ ಹುಡುಕುತ್ತಿರುವವರಿಗೆ ಲೆಕ್ಕ ತಿರುವುಮುರುವಾಗುತ್ತದೆ. ಮೊಬೈಲ್ ನಿಷೇಧಿಸಿರುವ ಓದುಕೋಣೆಯಲ್ಲಿ ವಾಟ್ಸ್‌ಆ್ಯಪ್ ನಂಬರ್ ತೋರಿಸಿ ಪ್ರಯೋಜನವಿಲ್ಲ. ಹುಡುಕುತ್ತಿರುವ ಪುಟದಲ್ಲಿಯೇ ಕೇಳುವ ಅವಕಾಶ ಇರಬೇಕು.

ಭಾಷೆ ಮೂರನೆಯದು. ನಮ್ಮ ಓದುಗರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದ ಕಾಗುಣಿತದಲ್ಲಿ ಬರೆಯುತ್ತಾರೆ. ಬರೆಯಲು ಬೇಸರವಾದರೆ ಧ್ವನಿಮುದ್ರಿತ ಸಂದೇಶ ಕಳಿಸುತ್ತಾರೆ. ಮನುಷ್ಯರು ಉತ್ತರಿಸುವ ಸಾಧನಗಳಲ್ಲಿ ಇದು ತೊಡಕಲ್ಲ. ಬಾಟ್‌ಗಳ ವಿಷಯಕ್ಕೆ ಬಂದಾಗ ಇದೇ ನಿರ್ಣಾಯಕವಾಗುತ್ತದೆ.

ನಾಲ್ಕನೆಯದಾದ ಗುರುತು ಮತ್ತು ದಾಖಲೆಯ ಪ್ರಶ್ನೆಗೆ ನಮ್ಮ ಚರ್ಚೆಗಳಲ್ಲಿ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಒಬ್ಬರು ಯಾವ ಪುಸ್ತಕ ಕೇಳಿದರು ಎಂಬುದು ಅವರ ಖಾಸಗಿ ವಿಷಯ. ಕಾಯಿಲೆಯ ಬಗ್ಗೆ, ವಿಚ್ಛೇದನದ ಕಾನೂನಿನ ಬಗ್ಗೆ, ಮಾನಸಿಕ ಒತ್ತಡದ ಬಗ್ಗೆ ಕೇಳುವವರು ಹೆಸರು ಹೇಳದೆ ಕೇಳಲು ಬಯಸುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಪಿಯು ವಿದ್ಯಾರ್ಥಿಗಳು ಬರುವ ಗ್ರಂಥಾಲಯಗಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಗತ್ಯಕ್ಕಿಂತ ಹೆಚ್ಚಿನ ಮಾಹಿತಿಯನ್ನು ಕೇಳದಿರುವುದು ಕ್ಷೇಮ.

ಇನ್ನು ಜಾಲತಾಣ ಯಾರ ಹಿಡಿತದಲ್ಲಿದೆ ಎಂಬುದನ್ನೂ ವೆಚ್ಚವನ್ನೂ ನೋಡಬೇಕು. ಎಷ್ಟೋ ಕಡೆ ಕಾಲೇಜಿನ ಜಾಲತಾಣ ಬೆಂಗಳೂರಿನ ಯಾವುದೋ ಸಂಸ್ಥೆಯ ಕೈಯಲ್ಲಿರುತ್ತದೆ, ಅದರಲ್ಲಿ ಒಂದು ಸಾಲು ಬದಲಾಯಿಸಲು ಪ್ರಾಂಶುಪಾಲರ ಪತ್ರ ಬೇಕಾಗುತ್ತದೆ. ಓಪ್ಯಾಕ್ ಮಾತ್ರ ಗ್ರಂಥಪಾಲಕರ ಕೈಯಲ್ಲಿರುತ್ತದೆ. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶ ಬಳಸುವವರು ಆಡಳಿತ ವಿಭಾಗದ ಓಪ್ಯಾಕ್‌ಯೂಸರ್‌ಜೆಎಸ್ ಎಂಬ ಆಯ್ಕೆಯಲ್ಲಿ ಕೆಲವು ಸಾಲುಗಳ ಸ್ಕ್ರಿಪ್ಟ್ ಅಂಟಿಸಿದರೆ ಚಾಟ್ ಪೆಟ್ಟಿಗೆ ಓಪ್ಯಾಕ್‌ನ ಪುಟಗಳಲ್ಲಿ ಕಾಣಿಸಿಕೊಳ್ಳುತ್ತದೆ, ಯಾರ ಅನುಮತಿಗೂ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಆದರೆ ಆ ಕೋಹಾ ಕ್ಯಾಂಪಸ್ಸಿನ ಒಳಜಾಲದಲ್ಲಿ ಮಾತ್ರ ತೆರೆಯುವಂತಿದ್ದರೆ ಮನೆಯಲ್ಲಿರುವ ಓದುಗರಿಗೆ ಪೆಟ್ಟಿಗೆ ಕಾಣುವುದೇ ಇಲ್ಲ. ಇ-ಗ್ರಂಥಾಲಯ ಎಂಬ ತಂತ್ರಾಂಶದಂತೆ ಬೇರೆಡೆಯ ಸರ್ವರಿನಿಂದ ನಡೆಯುವ ವ್ಯವಸ್ಥೆಯಲ್ಲಿರುವವರು, ಆ ಪುಟಗಳಿಗೆ ಏನನ್ನಾದರೂ ಸೇರಿಸುವ ಅಧಿಕಾರ ತಮಗಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ವಾಟ್ಸ್‌ಆ್ಯಪ್ ಬಿಸಿನೆಸ್

2018ರಲ್ಲಿ ಬಂದ ಈ ಉಚಿತ ಆ್ಯಪ್ ನಮ್ಮ ಭಾಗದ ಬಹುಪಾಲು ಗ್ರಂಥಾಲಯಗಳಿಗೆ ಸರಿಯಾದ ಆರಂಭ ಎಂಬುದು ನನ್ನ ಅಭಿಪ್ರಾಯ. ಓದುಗರು ಹೊಸದೇನನ್ನೂ ಕಲಿಯಬೇಕಿಲ್ಲ. ಜಾಲತಾಣದಲ್ಲಿ ಒಂದು ನೇರ ಕೊಂಡಿ ಇಟ್ಟರೆ, ಅದನ್ನು ಒತ್ತಿದವರಿಗೆ ನಂಬರ್ ಉಳಿಸಿಕೊಳ್ಳುವ ಗೋಜಿಲ್ಲದೆ ಗ್ರಂಥಾಲಯದ ಚಾಟ್ ತೆರೆಯುತ್ತದೆ. ಆ ಕೊಂಡಿಯಲ್ಲಿಯೇ ‘ನನ್ನ ಹೆಸರು, ತರಗತಿ, ಬೇಕಾದ ಪುಸ್ತಕ’ ಎಂಬ ಸಾಲನ್ನು ಮೊದಲೇ ಬರೆದಿಟ್ಟರೆ, ಬರೀ ‘ಹಾಯ್’ ಎಂದು ಬರುವ ಸಂದೇಶಗಳು ಕಡಿಮೆಯಾಗಿ, ಕೇಳಬೇಕಾದದ್ದು ಮೊದಲ ಸಾಲಿನಲ್ಲಿಯೇ ಬರುತ್ತದೆ. ಸ್ವಾಗತ ಸಂದೇಶ, ಕೆಲಸದ ಹೊತ್ತಿನ ಹೊರಗೆ ತಾನಾಗಿ ಹೋಗುವ ಸಂದೇಶ, ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳು, ಚಾಟ್‌ಗಳನ್ನು ವಿಂಗಡಿಸಲು ಲೇಬಲ್‌ಗಳು – ಇವೆಲ್ಲ ಉಚಿತವಾಗಿಯೇ ಸಿಗುತ್ತವೆ. ವಿದ್ಯಾರ್ಥಿ ಪಠ್ಯಕ್ರಮದ ಪುಟದ ಫೋಟೋ ಕಳಿಸಿ ಇದರಲ್ಲಿರುವ ಯಾವ ಪುಸ್ತಕ ನಿಮ್ಮಲ್ಲಿದೆ ಎಂದು ಕೇಳಬಹುದು, ಗ್ರಂಥಪಾಲಕರು ಪುಸ್ತಕದ ಪರಿವಿಡಿಯ ಫೋಟೋ ಕಳಿಸಿ ಇದೇನಾ ಬೇಕಾದದ್ದು ಎಂದು ವಿಚಾರಿಸಬಹುದು. ಓದುಗರಿಗೆ ಬೇಕಾದ ಮಾಹಿತಿ ಹುಡುಕಿಕೊಡುವ ಪರಾಮರ್ಶನ ಸೇವೆಯಲ್ಲಿ ಇಷ್ಟು ಸಲೀಸಾದ ವಿನಿಮಯ ಫೋನ್ ಕರೆಯಲ್ಲೂ ಸಾಧ್ಯವಿರಲಿಲ್ಲ.

ಕೊರತೆಗಳೂ ಚಿಕ್ಕವಲ್ಲ. ಓದುಗರ ನಂಬರ್ ಗ್ರಂಥಾಲಯಕ್ಕೆ ತಿಳಿದೇ ತಿಳಿಯುತ್ತದೆ. ಹೆಸರಿಲ್ಲದೆ ಕೇಳುವ ಅವಕಾಶ ಇಲ್ಲಿಲ್ಲ. ಮಹಿಳಾ ಕಾಲೇಜುಗಳಲ್ಲಿ ಇದನ್ನು ಹೆಚ್ಚು ಎಚ್ಚರದಿಂದ ನೋಡಬೇಕು: ವಿದ್ಯಾರ್ಥಿನಿಯರ ನಂಬರುಗಳಿರುವ ಫೋನು ಗ್ರಂಥಾಲಯದ ಹೊರಗೆ ಹೋಗಬಾರದು, ಯಾರದೋ ಸ್ವಂತ ಫೋನಿನಲ್ಲಿ ಆ ಚಾಟ್ ಇರಲೇಬಾರದು. ಗುಂಪು ಮಾಡಿ ಎಲ್ಲರನ್ನೂ ಸೇರಿಸುವುದಂತೂ ಪ್ರತಿಯೊಬ್ಬರ ನಂಬರನ್ನೂ ಎಲ್ಲರಿಗೂ ಹಂಚಿದಂತೆ; ಪ್ರಶ್ನೋತ್ತರಕ್ಕೆ ಒಬ್ಬೊಬ್ಬರ ಚಾಟ್ ಮಾತ್ರ ಇರಲಿ. ಒಂದು ಫೋನಿನ ಜೊತೆಗೆ ನಾಲ್ಕು ಸಾಧನಗಳನ್ನು ಜೋಡಿಸಿಕೊಳ್ಳಬಹುದಾದ್ದರಿಂದ ಕೌಂಟರಿನ ಕಂಪ್ಯೂಟರಿನಿಂದಲೂ ಉತ್ತರಿಸಬಹುದು, ಆದರೆ ಈ ಪ್ರಶ್ನೆ ಇವರಿಗೆ ಎಂದು ವಹಿಸಿಕೊಡುವ ವ್ಯವಸ್ಥೆ ಸಲೀಸಾಗಿಲ್ಲ. ಇಬ್ಬರು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವುದೂ, ಅವರು ಕೊಟ್ಟಿರಬೇಕೆಂದು ಇವರು, ಇವರು ಕೊಟ್ಟಿರಬೇಕೆಂದು ಅವರು ಸುಮ್ಮನಾಗುವುದೂ ನಡೆಯುತ್ತದೆ. ಪಾಳಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದರೆ ಇದಕ್ಕೆ ತಕ್ಕಮಟ್ಟಿನ ಪರಿಹಾರ ಸಿಗುತ್ತದೆ.

ನಂಬರಿನ ಒಡೆತನದ ಬಗ್ಗೆ ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಸೇವೆ ಅರ್ಧದಲ್ಲಿ ನಿಂತುಹೋಗುವುದಕ್ಕೆ ಇದು ದೊಡ್ಡ ಕಾರಣ. ಗ್ರಂಥಪಾಲಕರ ಸ್ವಂತ ನಂಬರಿನಿಂದ ಆರಂಭವಾದ ಸೇವೆ ಅವರ ವರ್ಗಾವಣೆ ಅಥವಾ ನಿವೃತ್ತಿಯ ದಿನವೇ ಮುಗಿಯುತ್ತದೆ, ಆಮೇಲೂ ವರ್ಷಗಟ್ಟಲೆ ಅವರಿಗೆ ಪುಸ್ತಕದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಸಿಮ್ ಸಂಸ್ಥೆಯ ಹೆಸರಿನಲ್ಲಿರಬೇಕು, ರೀಚಾರ್ಜಿನ ಖರ್ಚು ಗ್ರಂಥಾಲಯದ ಬಜೆಟ್ಟಿನಲ್ಲಿ ಸೇರಿರಬೇಕು; ರೀಚಾರ್ಜ್ ತಪ್ಪಿ ಬಹುಕಾಲ ಬಳಕೆಯಿಲ್ಲದೆ ಉಳಿದ ನಂಬರ್ ಬೇರೆಯವರ ಪಾಲಾಗಬಹುದು. ಎರಡು ಹಂತದ ಪರಿಶೀಲನೆಯ ಪಿನ್ ಅನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯಲ್ಲಿಟ್ಟು, ಅದರ ಇಮೇಲ್ ಗ್ರಂಥಾಲಯದ್ದೇ ಆಗಿರುವಂತೆ ನೋಡಿಕೊಳ್ಳಬೇಕು. ಹೊಸ ಸಿಮ್‌ಗೆ ಅನುಮತಿ ಸಿಗದ ಸರ್ಕಾರಿ ಕಾಲೇಜುಗಳಿಗೆ ಇನ್ನೊಂದು ದಾರಿ ಇದೆ: ಗ್ರಂಥಾಲಯದಲ್ಲಿರುವ ಸ್ಥಿರ ದೂರವಾಣಿಯ ನಂಬರಿಗೇ ವಾಟ್ಸ್‌ಆ್ಯಪ್ ಬಿಸಿನೆಸ್ ನೋಂದಾಯಿಸಬಹುದು, ಪರಿಶೀಲನೆಯ ಸಂಖ್ಯೆಯನ್ನು ಕರೆಯ ಮೂಲಕ ಪಡೆದುಕೊಂಡರಾಯಿತು. ಆ್ಯಪ್ ಇರುವ ಮುಖ್ಯ ಫೋನನ್ನು ಬೇಸಿಗೆ ರಜೆಯಲ್ಲಿ ಬೀರುವಿನೊಳಗೆ ಇಟ್ಟುಬಿಟ್ಟರೆ, ಎರಡು ವಾರಗಳಲ್ಲಿ ಜೋಡಿಸಿದ ಕಂಪ್ಯೂಟರುಗಳ ಸಂಪರ್ಕ ತಾನಾಗಿ ಕಡಿದುಹೋಗುತ್ತದೆ ಎಂಬುದೂ ನೆನಪಿನಲ್ಲಿರಲಿ.

ಪ್ರಶ್ನೆಗಳ ಸಂಖ್ಯೆ ಬೆಳೆದು ಐದಾರು ಜನ ಒಂದೇ ನಂಬರಿನಿಂದ ಉತ್ತರಿಸಬೇಕಾದಾಗ ವಾಟ್ಸ್‌ಆ್ಯಪ್‌ನ ಬಿಸಿನೆಸ್ ಪ್ಲಾಟ್‌ಫಾರ್ಮ್ ಇದೆ. ಅಲ್ಲಿ ಓದುಗರು ಕೇಳಿದ 24 ಗಂಟೆಗಳೊಳಗೆ ಕೊಡುವ ಉತ್ತರಕ್ಕೆ ವಾಟ್ಸ್‌ಆ್ಯಪ್‌ನ ಒಡೆತನದ ಮೆಟಾ ಸಂಸ್ಥೆ ಶುಲ್ಕ ವಿಧಿಸುವುದಿಲ್ಲ, ಆದರೆ ನಡುವಿನ ಸೇವಾದಾರ ಸಂಸ್ಥೆಯ ತಿಂಗಳ ಶುಲ್ಕ ಇರುತ್ತದೆ. ವಿಶ್ವವಿದ್ಯಾನಿಲಯದ ಮಟ್ಟಕ್ಕಿಂತ ಕೆಳಗಿನವರಿಗೆ ಇದರ ಅಗತ್ಯ ಬೀಳುವುದು ಅಪರೂಪ.

ಟೆಲಿಗ್ರಾಂ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರು ಟೆಲಿಗ್ರಾಂನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬಳಕೆದಾರ ಹೆಸರಿನಿಂದ ಮಾತಾಡಬಹುದಾದ್ದರಿಂದ ನಂಬರ್ ಬಚ್ಚಿಡಬಹುದು, ಬಾಟ್ ಕಟ್ಟುವುದು ಉಚಿತ ಮತ್ತು ಸುಲಭ. ಆದರೆ ಅಲ್ಲಿ ಪಠ್ಯಪುಸ್ತಕಗಳ ಕಳ್ಳಪ್ರತಿಗಳು ಹರಿದಾಡುವುದೇ ವಾಡಿಕೆಯಾಗಿರುವುದರಿಂದ, ಗ್ರಂಥಾಲಯವೂ ಇಡೀ ಪುಸ್ತಕದ ಪಿಡಿಎಫ್ ಕೊಡುತ್ತದೆಂಬ ನಿರೀಕ್ಷೆ ಹುಟ್ಟುತ್ತದೆ. ಹೊಸ ಪುಸ್ತಕಗಳ ಪಟ್ಟಿ, ಪರೀಕ್ಷಾ ಅಧಿಸೂಚನೆಗಳಂಥ ಪ್ರಕಟಣೆಗೆ ಟೆಲಿಗ್ರಾಂ ವಾಹಿನಿ ಒಳ್ಳೆಯದು. ಪ್ರಶ್ನೋತ್ತರಕ್ಕೆ ಎರಡನೆಯ ಬಾಗಿಲಾಗಿ ಅದನ್ನು ತೆರೆಯುವುದು, ಸಿಬ್ಬಂದಿ ಕಡಿಮೆ ಇರುವ ಕಡೆ, ಎರಡನ್ನೂ ಅರೆಬರೆಯಾಗಿಸುತ್ತದೆ.

ಜಾಲತಾಣದ ಚಾಟ್ ಪೆಟ್ಟಿಗೆ

ಟಾಕ್ ಡಾಟ್ ಟು ಎಂಬ ಸೇವೆಯನ್ನು ಎಷ್ಟು ಸಿಬ್ಬಂದಿ ಬೇಕಾದರೂ ಉಚಿತವಾಗಿ ಬಳಸಬಹುದು. ಪೆಟ್ಟಿಗೆಯ ಕೆಳಗಿರುವ ಅವರ ಹೆಸರನ್ನು ತೆಗೆಸಲು ಮಾತ್ರ ಶುಲ್ಕ ಕೊಡಬೇಕು. ಚೆನ್ನೈ ಮೂಲದ ಜೋಹೋ ಸಂಸ್ಥೆಯ ಸೇಲ್ಸ್‌ಐಕ್ಯೂದಲ್ಲಿ ಮಿತಿಗಳಿರುವ ಒಂದು ಉಚಿತ ಯೋಜನೆ ಇದೆ. ಸಂಸ್ಥೆಗೆ ಭಾರತದಲ್ಲಿಯೇ ದತ್ತಾಂಶ ಕೇಂದ್ರಗಳಿರುವುದು ಸರ್ಕಾರಿ ಮತ್ತು ವೈದ್ಯಕೀಯ ಸಂಸ್ಥೆಗಳಿಗೆ ಅನುಕೂಲದ ಅಂಶ. ಎರಡಕ್ಕೂ ಸಿಬ್ಬಂದಿಗಾಗಿ ಮೊಬೈಲ್ ಆ್ಯಪ್‌ಗಳಿವೆ, ಯಾರೂ ಇಲ್ಲದ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಸಂದೇಶದ ನಮೂನೆಯಾಗಿ ಬದಲಿಸಬಹುದು.

ಈ ಬಗೆಯ ದೊಡ್ಡ ಲಾಭ ಓದುಗರು ಅನಾಮಿಕರಾಗಿ ಕೇಳಬಹುದಾದದ್ದು. ಚಾಟ್‌ಗೆ ಮುನ್ನ ಹೆಸರು, ಇಮೇಲ್ ಕೇಳುವ ನಮೂನೆಯನ್ನು ತೆಗೆದುಹಾಕಿದರೆ ಅಥವಾ ಐಚ್ಛಿಕವಾಗಿಸಿದರೆ, ಸಂಕೋಚದ ಪ್ರಶ್ನೆಗಳೂ ಬರುತ್ತವೆ. ಆದರೆ ಇಲ್ಲೊಂದು ವಿಷಯವನ್ನು ಗಮನಿಸಬೇಕು: ಈ ಪೆಟ್ಟಿಗೆಗಳು ಹುಟ್ಟಿದ್ದು ವ್ಯಾಪಾರಕ್ಕಾಗಿ. ಜಾಲತಾಣಕ್ಕೆ ಬಂದವರು ಯಾವ ಪುಟ ನೋಡುತ್ತಿದ್ದಾರೆ, ಯಾವ ಊರಿನಿಂದ ಬಂದಿದ್ದಾರೆ ಎಂಬುದನ್ನು ಸಿಬ್ಬಂದಿಗೆ ತೋರಿಸುವುದು ಅವುಗಳ ಸಹಜ ಸ್ವಭಾವ. ಓದುಗರು ಕೇಳುವ ಮುನ್ನವೇ ‘ಏನಾದರೂ ಬೇಕೇ?’ ಎಂದು ಮೇಲೆ ಬೀಳುವ ಸಂದೇಶಗಳೂ ಇವೆ. ಅಂಗಡಿಗೆ ಇವು ಸರಿಯಿರಬಹುದು, ಗ್ರಂಥಾಲಯಕ್ಕೆ ಸಲ್ಲವು. ಇವನ್ನೆಲ್ಲ ನಿಲ್ಲಿಸಿಯೇ ಸೇವೆ ಆರಂಭಿಸಬೇಕು.

ಪೆಟ್ಟಿಗೆ ಸೇರಿಸಿದ ಮೇಲೆ ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ ತೃಪ್ತರಾಗದೆ, ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ನೋಡಬೇಕು. ಬಲಗಡೆಯ ಕೆಳಮೂಲೆಯಲ್ಲಿ ಕೂರುವ ಗುಂಡಿ ಓಪ್ಯಾಕ್‌ನ ಪುಸ್ತಕ ಕಾದಿರಿಸುವ ಗುಂಡಿಯನ್ನೋ ಮುಂದಿನ ಪುಟದ ಗುಂಡಿಯನ್ನೋ ಮುಚ್ಚಿಬಿಡುವುದುಂಟು. ನೆಟ್‌ವರ್ಕ್ ಕ್ಷೀಣವಾಗಿರುವ ಹಳ್ಳಿಯಲ್ಲಿ ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯಿತೆಂದು ಒಬ್ಬ ವಿದ್ಯಾರ್ಥಿಯಿಂದ ಕೇಳಿ ತಿಳಿಯಬೇಕು. ದೃಷ್ಟಿಹೀನ ಓದುಗರ ಸ್ಕ್ರೀನ್ ರೀಡರ್ ಆ ಗುಂಡಿಯ ಹೆಸರನ್ನು ಓದಿ ಹೇಳುತ್ತದೆಯೇ ಎಂದೂ ಪರೀಕ್ಷಿಸಬೇಕು.

ಈ ಎಲ್ಲ ಪೆಟ್ಟಿಗೆಗಳಿಗೂ ಬದಲಾಗಿ, ಚಾಟ್‌ವುಟ್‌ನಂಥ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರಿನಲ್ಲಿ ಕೂರಿಸಬಹುದು. ದಾಖಲೆ ಪೂರ್ತಿಯಾಗಿ ನಮ್ಮ ಬಳಿಯೇ ಉಳಿಯುತ್ತದೆ, ಜಾಲತಾಣದ ಪೆಟ್ಟಿಗೆ, ವಾಟ್ಸ್‌ಆ್ಯಪ್ ಪ್ಲಾಟ್‌ಫಾರ್ಮ್, ಇಮೇಲ್ ಎಲ್ಲವೂ ಒಂದೇ ಕಡೆ ಬಂದು ಸೇರುತ್ತವೆ. ಕಂಪ್ಯೂಟರ್ ಸೈನ್ಸ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿಗೆ ಇದು ಮನಸೆಳೆಯುವ ದಾರಿ. ಆದರೂ ನಾನು ಕೇಳುವ ಪ್ರಶ್ನೆ ಒಂದೇ: ಕೂರಿಸಿಕೊಟ್ಟ ವಿದ್ಯಾರ್ಥಿ ಅಂತಿಮ ವರ್ಷ ಮುಗಿಸಿ ಹೋದ ಮೇಲೆ ಅದರ ಭದ್ರತಾ ಪರಿಷ್ಕರಣೆ, ಬ್ಯಾಕಪ್ ನೋಡಿಕೊಳ್ಳುವ ಕಾಯಂ ಸಿಬ್ಬಂದಿ ಯಾರು? ಹೆಸರು ಹೇಳಲಾಗದಿದ್ದರೆ ಈ ದಾರಿ ಬೇಡ.

ಗ್ರಂಥಾಲಯಗಳಿಗೆಂದೇ ಇರುವ ತಂತ್ರಾಂಶಗಳು

ಲೈಬ್ರರಿಹೆಲ್ಪ್ ಮತ್ತು ಸ್ಪ್ರಿಂಗ್‌ಶೇರ್ ಸಂಸ್ಥೆಯ ಲಿಬ್‌ಚಾಟ್ ಈ ವರ್ಗದಲ್ಲಿ ಹೆಸರಾದವು, ಎರಡೂ ಅಮೆರಿಕದವು. ಇವು ಗ್ರಂಥಾಲಯದ ಕೆಲಸಕ್ಕೆ ಹೊಂದುವಂತೆ ರೂಪುಗೊಂಡಿವೆ: ಪ್ರಶ್ನೆಯನ್ನು ಒಬ್ಬ ಗ್ರಂಥಪಾಲಕರಿಂದ ವಿಷಯ ತಜ್ಞರಾದ ಇನ್ನೊಬ್ಬರಿಗೆ ದಾಟಿಸಬಹುದು, ಹಲವು ಗ್ರಂಥಾಲಯಗಳು ಸೇರಿ ಒಂದೇ ಸಾಲಿನ ಪ್ರಶ್ನೆಗಳನ್ನು ಹಂಚಿಕೊಳ್ಳಬಹುದು, ಪ್ರಶ್ನೆಯ ಬಗೆಯನ್ನು ಗುರುತಿಸಿ ಅಂಕಿಅಂಶ ತೆಗೆಯಬಹುದು. ಲಿಬ್‌ಚಾಟ್ ಅದೇ ಸಂಸ್ಥೆಯ ಪ್ರಶ್ನೋತ್ತರ ಭಂಡಾರದೊಂದಿಗೆ ಹೆಣೆದುಕೊಂಡಿರುವುದರಿಂದ, ಒಮ್ಮೆ ಕೊಟ್ಟ ಉತ್ತರವನ್ನು ಸಾರ್ವಜನಿಕ ಪುಟವಾಗಿಸುವುದು ಸುಲಭ. ವೆಚ್ಚ ವರ್ಷಕ್ಕೊಮ್ಮೆ, ಡಾಲರಿನಲ್ಲಿ. ವಿನಿಮಯ ದರದ ಏರಿಳಿತವೂ ಸರ್ಕಾರಿ ಕಾಲೇಜಿನ ಖರೀದಿ ನಿಯಮಗಳೂ ಇದನ್ನು ಕಷ್ಟವಾಗಿಸುತ್ತವೆ.

ಒಂಟಿ ಕಾಲೇಜೊಂದು ಇದಕ್ಕೆ ಹಣ ಹಾಕುವುದನ್ನು ನಾನು ಬೆಂಬಲಿಸುವುದಿಲ್ಲ. ಆದರೆ ದಾವಣಗೆರೆ ನಗರದಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಎಂಜಿನಿಯರಿಂಗ್, ಕಲೆ–ವಾಣಿಜ್ಯ–ವಿಜ್ಞಾನ ಕಾಲೇಜುಗಳು ಇಷ್ಟು ಹತ್ತಿರ ಹತ್ತಿರ ಇರುವಾಗ, ಅವುಗಳಲ್ಲಿ ಹಲವು ಒಂದೇ ಆಡಳಿತದ ಕೆಳಗೂ ಇರುವಾಗ, ನಾಲ್ಕೈದು ಗ್ರಂಥಾಲಯಗಳು ಸೇರಿ ಪಾಳಿ ಹಾಕಿಕೊಂಡರೆ ಪ್ರತಿಯೊಂದರ ಮೇಲೆ ಬೀಳುವ ಹೊರೆ ದಿನಕ್ಕೆ ಒಂದೆರಡು ಗಂಟೆಗೆ ಇಳಿದು, ಓದುಗರಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ನೇರ ಚಾಟ್ ಸಿಗುತ್ತದೆ. ಅಂಥ ಒಪ್ಪಂದ ಆಗುವುದಾದರೆ ಈ ತಂತ್ರಾಂಶದ ಬೆಲೆ ಸಮರ್ಥನೀಯ. ಒಪ್ಪಂದ ಮೊದಲು, ಖರೀದಿ ಆಮೇಲೆ.

ಬಾಟ್

ಮ್ಯಾನೇಜ್‌ಮೆಂಟಿನವರಿಗೆ ಅತ್ಯಂತ ಇಷ್ಟವಾಗುವ ಆಯ್ಕೆ ಇದು, ಏಕೆಂದರೆ ಇದಕ್ಕೆ ಸಿಬ್ಬಂದಿ ಬೇಡವೆಂಬ ಭಾವನೆ ಇದೆ. ಎರಡು ಬಗೆಯ ಬಾಟ್‌ಗಳನ್ನು ಒಂದೇ ಎಂದು ತಿಳಿಯಬಾರದು. ಒಂದನ್ನು ಒತ್ತಿದರೆ ವೇಳಾಪಟ್ಟಿ, ಎರಡನ್ನು ಒತ್ತಿದರೆ ನೋ ಡ್ಯೂ ಪಡೆಯುವ ಕ್ರಮ, ಮೂರನ್ನು ಒತ್ತಿದರೆ ಹಳೆಯ ಪ್ರಶ್ನೆಪತ್ರಿಕೆಗಳ ಕೊಂಡಿ ಎಂಬಂಥ ಪಟ್ಟಿಯ ಬಾಟ್ ನಿಜವಾಗಿಯೂ ಉಪಯುಕ್ತ. ಅದು ತಪ್ಪು ಹೇಳುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಉತ್ತರಿಸುತ್ತದೆ, ಸೆಮಿಸ್ಟರ್ ಪರೀಕ್ಷೆಯ ವಾರದಲ್ಲಿ ಸಿಬ್ಬಂದಿಯ ಅರ್ಧ ಹೊರೆಯನ್ನು ಇಳಿಸಬಲ್ಲದು. ಕೃತಕ ಬುದ್ಧಿಮತ್ತೆಯಿಂದ ತಾನೇ ವಾಕ್ಯ ಕಟ್ಟಿ ಉತ್ತರಿಸುವ ಬಾಟ್‌ನ ವಿಷಯ ಬೇರೆ. ಅದು ಇಲ್ಲದ ಪುಸ್ತಕವನ್ನು ಇದೆಯೆಂದು, ಯಾರೂ ಬರೆಯದ ಲೇಖನವನ್ನು ಬರೆದಿದ್ದಾರೆಂದು, ಲೇಖಕರ ಹೆಸರು ಪುಟಸಂಖ್ಯೆಗಳ ಸಹಿತ ಹೇಳಬಲ್ಲದು. ಬೇರೆಡೆ ಇಂಥ ತಪ್ಪು ಕ್ಷಮ್ಯವಾಗಬಹುದು, ಗ್ರಂಥಾಲಯದ ಹೆಸರಿನಲ್ಲಿ ಆಗಬಾರದು. ಇಂಗ್ಲಿಷ್ ಅಕ್ಷರದ ಕನ್ನಡವನ್ನು, ಅದರಲ್ಲೂ ನಮ್ಮ ಭಾಗದ ಮಾತಿನ ಧಾಟಿಯನ್ನು ಅದು ತಪ್ಪಾಗಿ ಗ್ರಹಿಸುವ ಸಂಭವವೂ ಹೆಚ್ಚು.

ಒಂದು ಉದಾಹರಣೆ ನೋಡೋಣ. ಚಿತ್ರದುರ್ಗದ ವಿದ್ಯಾರ್ಥಿಯೊಬ್ಬರು ‘ಬ್ರಹ್ಮಗಿರಿ ಬಗ್ಗೆ ಪುಸ್ತಕ ಬೇಕು’ ಎಂದು ಕೇಳುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನದ ಪಾಠ ಬೇಕಿದ್ದರೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಕಲನದ ಚಿತ್ರದುರ್ಗ ಜಿಲ್ಲೆಯ ಹಳೆಯ 11ನೆಯ ಸಂಪುಟಕ್ಕೆ ಹೋಗಬೇಕು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದ ವಿವರ ಬೇಕಿದ್ದರೆ ಪುರಾತತ್ವ ಇಲಾಖೆಯ ವರದಿಗೆ ಹೋಗಬೇಕು. ಕೊಡಗಿನ ಬ್ರಹ್ಮಗಿರಿ ಬೆಟ್ಟಕ್ಕೆ ಚಾರಣ ಹೋಗುವ ಮಾಹಿತಿ ಬೇಕಿದ್ದರೆ ದಾರಿಯೇ ಬೇರೆ. ಅನುಭವಿ ಗ್ರಂಥಪಾಲಕರು ‘ಯಾವ ಪತ್ರಿಕೆಗೆ ಓದುತ್ತಿದ್ದೀರಮ್ಮ, ಶಾಸನವೋ ಉತ್ಖನನವೋ?’ ಎಂದು ಒಂದೇ ಪ್ರಶ್ನೆಯಲ್ಲಿ ಇದನ್ನು ಬಿಡಿಸುತ್ತಾರೆ. ಪರಾಮರ್ಶನ ಸೇವೆಯ ತಿರುಳು ಈ ಮರುಪ್ರಶ್ನೆಯಲ್ಲಿದೆ. ಆದ್ದರಿಂದ ಪಟ್ಟಿಯ ಬಾಟ್ ಇಡುವುದಾದರೂ ಅದರ ಕೊನೆಯಲ್ಲಿ ‘ಗ್ರಂಥಪಾಲಕರನ್ನೇ ಕೇಳಬೇಕು’ ಎಂಬ ಆಯ್ಕೆ ಕಡ್ಡಾಯವಾಗಿ ಇರಬೇಕು.

ಸಾಧನಗಳು ಮುಚ್ಚಿಹೋಗುತ್ತವೆ

ಅಮೆರಿಕದ ಎಷ್ಟೋ ಗ್ರಂಥಾಲಯಗಳು ನೆಚ್ಚಿಕೊಂಡಿದ್ದ ಮೀಬೋ ಎಂಬ ಉಚಿತ ಚಾಟ್ ಪೆಟ್ಟಿಗೆಯನ್ನು ಗೂಗಲ್ ಕೊಂಡುಕೊಂಡು 2012ರಲ್ಲಿ ನಿಲ್ಲಿಸಿತು. ಫೇಸ್‌ಬುಕ್ ಮೆಸೆಂಜರನ್ನು ಜಾಲತಾಣದೊಳಗೆ ಕೂರಿಸುವ ಸೌಲಭ್ಯ 2024ರಲ್ಲಿ ನಿಂತಿತು, ಅದೇ ವರ್ಷ ಗೂಗಲ್ ತನ್ನ ಬಿಸಿನೆಸ್ ಮೆಸೇಜಸ್ ಸೇವೆಯನ್ನೂ ಮುಚ್ಚಿತು. ಇಂದು ಆರಿಸುವ ಸಾಧನವೂ ಹೀಗೆ ಹೋಗಬಹುದೆಂದು ಎಣಿಸಿಯೇ ಸಿದ್ಧತೆ ಮಾಡಬೇಕು. ಜಾಲತಾಣದಲ್ಲಿ ‘ಗ್ರಂಥಪಾಲಕರನ್ನು ಕೇಳಿ’ ಎಂಬ ಒಂದು ಸ್ವಂತ ಪುಟ ಮಾಡಿ, ಭಿತ್ತಿಪತ್ರ, ಗುರುತಿನ ಚೀಟಿ, ಪುಸ್ತಕದ ಡ್ಯೂ ಸ್ಲಿಪ್ಪುಗಳ ಮೇಲೆ ಮುದ್ರಿಸುವ ಕ್ಯೂಆರ್ ಕೋಡ್ ಆ ಪುಟಕ್ಕೆ ಹೋಗುವಂತೆ ಮಾಡಿ. ಸಾಧನ ಬದಲಾದಾಗ ಪುಟದೊಳಗಿನ ಕೊಂಡಿ ಬದಲಿಸಿದರೆ ಸಾಕು, ಮುದ್ರಿಸಿದ್ದು ವ್ಯರ್ಥವಾಗುವುದಿಲ್ಲ.

ಯಾರಿಗೆ ಯಾವುದು

ಜಗಳೂರು, ಮೊಳಕಾಲ್ಮುರು, ಹೊಳಲ್ಕೆರೆಯಂಥ ಊರಿನ ಪ್ರಥಮ ದರ್ಜೆ ಕಾಲೇಜಿಗೆ ಸಂಸ್ಥೆಯ ನಂಬರಿನ ವಾಟ್ಸ್‌ಆ್ಯಪ್ ಬಿಸಿನೆಸ್ ಮತ್ತು ಹದಿನೈದಿಪ್ಪತ್ತು ಸಿದ್ಧ ಉತ್ತರಗಳು ಸಾಕು. ದಿನಕ್ಕೆರಡು ಸಲ, ಹೇಳಿದ ಹೊತ್ತಿಗೆ ನೋಡಿ ಉತ್ತರಿಸಿದರೆ ಅದು ಪೂರ್ಣ ಸೇವೆಯೇ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಒಬ್ಬರೇ ಮೇಲ್ವಿಚಾರಕರು ಇರುವುದರಿಂದ ಪ್ರತ್ಯೇಕ ಚಾಟ್ ಹೇರುವುದಕ್ಕಿಂತ, ಓದುಗರ ಪ್ರಶ್ನೆಯನ್ನು ಅವರೇ ನಗರದ ಗ್ರಂಥಾಲಯಕ್ಕೆ ಕಳಿಸಿ ಉತ್ತರ ತರಿಸಿಕೊಡುವ ದಾರಿಯನ್ನು ತೆರೆಯುವುದು ಹೆಚ್ಚು ಉಪಕಾರಿ.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓಪ್ಯಾಕ್ ಕ್ಯಾಂಪಸ್ಸಿನ ಹೊರಗೂ ತೆರೆಯುವಂತಿದ್ದರೆ, ಅದರೊಳಗೇ ಉಚಿತ ಚಾಟ್ ಪೆಟ್ಟಿಗೆ ಇಟ್ಟು, ಕೆಲಸದ ಹೊತ್ತಿನ ಹೊರಗೆ ವಾಟ್ಸ್‌ಆ್ಯಪ್ ಕೊಂಡಿಯನ್ನು ತೋರಿಸುವುದು ಸೂಕ್ತ. ಮನೆಯಿಂದ ಇ-ಜರ್ನಲ್ ತೆರೆಯಲು ಲಾಗಿನ್ ಆಗುತ್ತಿಲ್ಲ ಎಂಬಂಥ ದೂರುಗಳಿಗೆ ಪರದೆಯ ಚಿತ್ರ ಕಳಿಸಿ ಪರಿಹಾರ ಪಡೆಯಲು ಎರಡೂ ನೆರವಾಗುತ್ತವೆ. ವೈದ್ಯಕೀಯ ಕಾಲೇಜಿನವರು ಅನಾಮಿಕತೆಗೆ ಹೆಚ್ಚಿನ ತೂಕ ಕೊಟ್ಟು ಪೆಟ್ಟಿಗೆಯ ಕಡೆಗೇ ವಾಲಬೇಕು. ಜೊತೆಗೆ ರೋಗ ಮತ್ತು ಔಷಧದ ಬಗ್ಗೆ ಆಕರವನ್ನು ತೋರಿಸುತ್ತೇವೆ, ವೈದ್ಯಕೀಯ ಸಲಹೆ ಕೊಡುವುದಿಲ್ಲ ಎಂಬ ಸಾಲನ್ನು ಮೊದಲ ಸಂದೇಶದಲ್ಲಿಯೇ ಬರೆದಿರಬೇಕು. ನಗರ ಕೇಂದ್ರ ಗ್ರಂಥಾಲಯದಂಥ ಕಡೆ ಹತ್ತು ವರ್ಷದ ಮಕ್ಕಳಿಂದ ನಿವೃತ್ತರವರೆಗೆ ಎಲ್ಲರೂ ಬರುವುದರಿಂದ, ವಾಟ್ಸ್‌ಆ್ಯಪ್ ಜೊತೆಗೆ ಮಾಮೂಲಿ ಫೋನ್ ಕರೆಯನ್ನೂ ಉಳಿಸಿಕೊಳ್ಳುವುದು ನ್ಯಾಯ. ವಿಶ್ವವಿದ್ಯಾನಿಲಯಕ್ಕೆ, ಎರಡು ಆವರಣಗಳ ಸಿಬ್ಬಂದಿ ಒಂದೇ ಸಾಲಿನಿಂದ ಪ್ರಶ್ನೆ ಎತ್ತಿಕೊಳ್ಳಬಹುದಾದ ವ್ಯವಸ್ಥೆ ಬೇಕು. ಸಂಶೋಧನಾ ವಿದ್ಯಾರ್ಥಿಗಳು ಕೃತಿಚೌರ್ಯ ಪರಿಶೀಲನೆ, ಸಂಶೋಧನಾ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಪ್ರಬಂಧ ಸೇರಿಸುವುದು ಮೊದಲಾದ ಉದ್ದನೆಯ ಪ್ರಶ್ನೆಗಳನ್ನು ತರುವುದರಿಂದ ವಹಿಸಿಕೊಡುವ ಮತ್ತು ಹಿಂಬಾಲಿಸುವ ಸೌಲಭ್ಯವಿರುವ ಪೆಟ್ಟಿಗೆ ಅಥವಾ ಗ್ರಂಥಾಲಯ ತಂತ್ರಾಂಶವೇ ಸರಿ.

ಯಾವುದನ್ನು ಆರಿಸಿದರೂ ಒಂದು ಸೆಮಿಸ್ಟರಿನ ಕಾಲ ನಡೆಸಿ ನೋಡಿ. ಕೌಂಟರಿನ ಮೇಲೆ ಒಂದು ನೋಟ್‌ಪುಸ್ತಕವಿಟ್ಟು, ಕೇಳಿದವರ ಹೆಸರಿಲ್ಲದೆ, ಪ್ರಶ್ನೆಯ ಬಗೆ, ಬಂದ ಹೊತ್ತು, ಉತ್ತರಿಸಿದ ಹೊತ್ತು ಇಷ್ಟನ್ನೇ ಬರೆಯುತ್ತಾ ಹೋಗಿ. ಚಾಟ್‌ಗಳನ್ನು ಉತ್ತರ ಮುಗಿದ ತಿಂಗಳೊಳಗೆ ಅಳಿಸಿ. ಬಹುಪಾಲು ಪ್ರಶ್ನೆಗಳು ವೇಳೆ, ದಂಡ, ನವೀಕರಣದ ಬಗ್ಗೆಯೇ ಇದ್ದರೆ ಪಟ್ಟಿಯ ಬಾಟ್ ಸೇರಿಸುವ ಕಾಲ ಬಂದಿದೆ. ಉತ್ತರ ತಡವಾಗುತ್ತಿರುವುದು ಕಂಡರೆ ಸಾಧನ ಬದಲಿಸುವ ಮುನ್ನ ಪಾಳಿಯನ್ನು ಬದಲಿಸಿ. ವಿಷಯದ ಆಳಕ್ಕಿಳಿಯುವ ಪ್ರಶ್ನೆಗಳು ಹೆಚ್ಚುತ್ತಿದ್ದು, ಒಬ್ಬರಿಂದ ನಿಭಾಯಿಸಲು ಆಗುತ್ತಿಲ್ಲವಾದರೆ, ಆ ನೋಟ್‌ಪುಸ್ತಕವನ್ನೇ ಹಿಡಿದುಕೊಂಡು ಪ್ರಾಂಶುಪಾಲರ ಬಳಿ ಹೋಗಿ ಹೆಚ್ಚಿನ ಸಿಬ್ಬಂದಿಯನ್ನೋ ನೆರೆಯ ಕಾಲೇಜುಗಳೊಂದಿಗೆ ಒಪ್ಪಂದವನ್ನೋ ಕೇಳಬಹುದು.